ನೀಲಾಂಬಿಕ ಬಿಡಿಸಿದ ಫಿಯೆಟ್ ಗೇರ್

ಮೊದಲೇ ಹೇಳಿಬಿಡ್ತೀನಿ, ನಾನು ಹೆಂಡತಿನ ಹೊಗಳೋ ಪೈಕಿ ಅಲ್ಲ. ಮದುವೆ ಆಗಿ ಇಪ್ಪತ್ತಾರು ವರ್ಷ ಆಯ್ತು, ಇವತ್ತಿನ ತನಕ ಆಕೆ ಮಾಡಿದ ಸಾರು ಚೆನ್ನಾಗೈತೆ ಅಂತ ಬಾಯಿ ಬಿಟ್ಟು ಹೇಳಿದವನಲ್ಲ. ಇನ್ನೊಂದು ಸೌಟು ಹಾಕು ಅಂತೀನಿ, ಅದರಲ್ಲೇ ತಿಳ್ಕೋಬೇಕು. ಆದ್ರೆ ಈ ಸಲ ಹೇಳದೆ ಇದ್ರೆ ನನಗೇ ಅನ್ನ ಇಳಿಯಲ್ಲ. ಅದಕ್ಕೇ ನೀಲಾಂಬಿಕ ಸೊರಬದ ವಕೀಲರ ಫಿಯೆಟ್ ಕಾರಿನ ಗೇರ್ ಬಿಡಿಸಿದ್ದನ್ನ ಹೇಳ್ತೀನಿ, ಕೇಳ್ರಿ. ನಡುವೆ ನನ್ನ ಮರ್ಯಾದೆನೂ ಸ್ವಲ್ಪ ಹೋಗುತ್ತೆ. ಹೋಗ್ಲಿ.

ನನ್ನ ಹೆಸರು ನಾಗರಾಜಪ್ಪ. ಶಿರಾಳಕೊಪ್ಪದಲ್ಲಿ ಸೊರಬದ ಕಡೆ ಹೋಗೋ ರಸ್ತೆ ಪಕ್ಕ ತಗಡಿನ ಶೆಡ್ಡಿನಲ್ಲಿ ಗ್ಯಾರೇಜ್ ಇಟ್ಟವನು. ನೀಲಾಂಬಿಕ ತೊಗರ್ಸಿಯವಳು. ಹುಡುಗಿ ಆಗಿದ್ದಾಗ ಸುಗ್ಗಿ ಮುಗಿದ ಮೇಲೆ ಅವ್ವನ ಜೊತೆ ಸೊರಬದ ಕಡೆ ಅಡಿಕೆ ಸುಲಿಯೋಕೆ ಹೋಗ್ತಿದ್ಲಂತೆ. ಹತ್ತೊಂಬತ್ತಕ್ಕೆ ನನ್ನ ಕಟ್ಕೊಂಡು ಬಂದ್ಲು. ಮೊದಲ ವರ್ಷ ಮಧ್ಯಾಹ್ನ ಬುತ್ತಿ ತಂದು ಕೊಟ್ಟು, ನಾನು ಉಣ್ಣೋ ತನಕ ಸುಮ್ನೆ ನಿಂತಿರ್ತಿದ್ಲು. ಒಂದು ದಿನ ಯಾವುದೋ ಲಾರಿ ಕೆಳಗೆ ಮಲಗಿದ್ದೆ, "ಲೇ, ಆ ಹದಿನಾಲ್ಕರ ಪಾನಾ ಕೊಡು" ಅಂದೆ. ಹದಿನೇಳರದ್ದು ಕೊಟ್ಲು. ಬೈದೆ. "ಆ ನಟ್ಟಿಗೆ ಹದಿನೇಳೇ ಕೂರೋದು, ಹಾಕಿ ನೋಡ್ರಿ" ಅಂದ್ಲು. ಹಾಕಿದೆ, ಕೂತ್ಕೊಂಡ್ತು. ನನಗೆ ಪಿತ್ತ ನೆತ್ತಿಗೇರಿತು. ಅವತ್ತೇ ತಿಳ್ಕೋಬೇಕಿತ್ತು ನಾನು.

ಮಾರನೇ ದಿನದಿಂದ ಬುತ್ತಿ ಕೊಟ್ಟು ಮನೆಗೆ ಹೋಗೋದನ್ನ ಬಿಟ್ಲು. ಸೀರೆ ಮೇಲೆ ನನ್ನ ಹಳೇ ಅಂಗಿ ಹಾಕ್ಕೊಂಡು ನಿಂತ್ಲು ಅಂದ್ರೆ ಮುಗೀತು. ಕಾರ್ಬೊರೇಟರ್ ಬಿಚ್ಚಿ ತೊಳೆಯೋದು, ಬ್ರೇಕ್ ಲೈನರ್ ಹಾಕೋದು, ಪಾಯಿಂಟ್ ಸೆಟ್ ಮಾಡೋದು, ರಿಪೇರಿ ಆದ ಗಾಡಿ ಓಡಿಸಿ ನೋಡೋದು, ಒಂದೊಂದಾಗಿ ಎಲ್ಲಾ ಕೈಗೆ ಬಂತು. ಕಿವಿ ಅಂತೂ ಬಲು ಚುರುಕು. ರಸ್ತೆ ಮೇಲೆ ಹೋಗೋ ಜೀಪಿನ ಸದ್ದು ಕೇಳಿ, "ರೀ, ಅದರ ಟ್ಯಾಪೆಟ್ ಲೂಸಾಗೈತೆ, ಇನ್ನೊಂದು ವಾರಕ್ಕೆ ನಮ್ಮ ಹತ್ರಾನೇ ಬರುತ್ತೆ ನೋಡ್ರಿ" ಅಂತಿದ್ಲು. ಬರ್ತಿತ್ತು!

ಆದ್ರೆ ಗಿರಾಕಿಗಳು? ನಾನು ಶೆಡ್ಡಲ್ಲಿ ಇಲ್ಲದಾಗ ಬಂದವರು, "ಯಜಮಾನ್ರು ಎಲ್ಲಿ? ಆಮೇಲೆ ಬರ್ತೀವಿ ಬಿಡಮ್ಮಾ" ಅಂತ ಗಾಡಿ ತಿರುಗಿಸ್ಕೊಂಡು ಹೋಗೋರು. ಆಕೆ ಪಾನಾ ಹಿಡ್ಕೊಂಡು ನೋಡ್ತಾ ನಿಂತಿರೋಳು. ನಾನು ಬಂದು ನಗ್ತಿದ್ದೆ. ಆಕೆ ಅರ್ಧಕ್ಕರ್ಧ ಮಾಡಿದ ಕೆಲಸಕ್ಕೆ "ನಾಗರಾಜಪ್ಪಂದು ಕೈಗುಣ" ಅಂತ ಜನ ಅಂದ್ರೆ, ಹೌದು ಅನ್ನೋ ಹಂಗೆ ಮೀಸೆ ತಿರುವ್ತಿದ್ದೆ. ಈಗ ನೆನೆಸ್ಕೊಂಡ್ರೆ ಮೈ ಹಿಡಿಯಾಗುತ್ತೆ.

ಹೋದ ವರ್ಷ ಟ್ರ್ಯಾಕ್ಟರ್ ಗೇರ್‌ಬಾಕ್ಸ್ ಎತ್ತೋಕೆ ಹೋಗಿ ನನ್ನ ಸೊಂಟ ಕೈ ಕೊಡ್ತು. ಶಿವಮೊಗ್ಗದ ಡಾಕ್ಟ್ರು ಫೋಟೋ ತೆಗೆಸಿ, ಡಿಸ್ಕ್ ಜರುಗೈತೆ, ಇನ್ಮೇಲೆ ಬಗ್ಗೋದು, ಎತ್ತೋದು, ಗಾಡಿ ಕೆಳಗೆ ಮಲಗೋದು ಎಲ್ಲಾ ಬಂದ್ ಅಂದ್ರು. ನಾನೂ ಸಿಟ್ಟಿನ ಮನುಷ್ಯ. ಕೈಲಾಗದವನಿಗೆ ಗ್ಯಾರೇಜ್ ಯಾಕೆ ಅಂತ ಶೆಡ್ಡಿನ ಓನರ್ ಚನ್ನೇಶ್‌ಗೆ ಫೋನ್ ಮಾಡಿ, "ಸೋಮವಾರ ಬಂದು ಬೀಗದ ಕೈ ಇಸ್ಕೊಂಡು ಹೋಗಪ್ಪ, ಖಾಲಿ ಮಾಡ್ತೀನಿ" ಅಂದುಬಿಟ್ಟೆ. ಅವನಿಗೆ ಅಷ್ಟೇ ಸಾಕಾಗಿತ್ತು. ಮೊಬೈಲ್ ಅಂಗಡಿಯವನೊಬ್ಬ ಆ ಜಾಗಕ್ಕೆ ಆರು ತಿಂಗಳಿಂದ ಅವನ ಬೆನ್ನು ಬಿದ್ದಿದ್ದ.

ನೀಲಾಂಬಿಕಗೆ ಇದನ್ನ ಹೇಳಿದ್ದು ರೊಟ್ಟಿ ಬಡೀತಾ ಇದ್ದಾಗ. ಬಡಿಯೋ ಕೈ ನಿಂತಿತು.

"ನನ್ನ ಒಂದು ಮಾತು ಕೇಳಿದ್ರಾ?"

"ಕೇಳೋದೇನೈತೆ? ನನಗಂತೂ ಆಗಲ್ಲ."

"ನನಗಾಗುತ್ತಲ್ಲ!"

"ನೀನೊಬ್ಬಳೇ ಇದ್ರೆ ಯಾವನು ಗಾಡಿ ತಂದು ನಿಲ್ಲಿಸ್ತಾನೆ ಹೇಳು? ಹೆಂಗಸಿನ ಕೈಗೆ ಯಾರು ಗಾಡಿ ಕೊಡ್ತಾರೆ?"

ಇಂಥ ಮಾತು ಆಡಿದ್ದೀನಿ ನಾನು, ಸುಳ್ಳು ಹೇಳಲ್ಲ. ಆಕೆ ಮತ್ತೆ ರೊಟ್ಟಿ ಬಡಿಯೋಕೆ ಶುರು ಮಾಡಿದ್ಲು. ಮೂರು ದಿನ ಮನೇಲಿ ಪಾತ್ರೆ ಸದ್ದು ಬಿಟ್ರೆ ಬೇರೆ ಸದ್ದಿಲ್ಲ. ಬೈದಿದ್ರೆ ಚೆನ್ನಾಗಿತ್ತು, ನಾನೂ ನಾಲ್ಕು ಬೈದು ಹಗುರ ಆಗ್ತಿದ್ದೆ.

ಅದು ಗುರುವಾರ. ಸೊರಬದಿಂದ ಒಂದು ಗೂಡ್ಸ್ ಗಾಡಿ ಹಿಂದೆ ಹಗ್ಗ ಕಟ್ಟಿಸ್ಕೊಂಡು ಬಿಳೀ ಫಿಯೆಟ್ ಬಂತು. ಒಳಗೆ ಸ್ಟೀರಿಂಗ್ ಹಿಡ್ಕೊಂಡು ಕೂತಿದ್ದವರು ವಕೀಲ ಗೌರೀಶಂಕರ ಅವರು. ಅವರ ತಂದೆ ಕಾಲದಿಂದ ಆ ಕಾರಿಗೆ ನಾನೇ ಡಾಕ್ಟ್ರು. ತಂದೆ ತೀರಿಹೋದ ಮೇಲೆ ಒಂಬತ್ತು ವರ್ಷ ಕಾರು ಕೊಟ್ಟಿಗೆಯಲ್ಲೇ ನಿಂತಿತ್ತಂತೆ. ಈಗ ಇವರಿಗೆ ಹುಕಿ ಬಂದು ಬ್ಯಾಟರಿ, ಟೈರ್ ಹಾಕಿಸಿ, ಎಂಜಿನ್ ಏನೋ ಸ್ಟಾರ್ಟ್ ಮಾಡಿಸಿದ್ದಾರೆ. ಗೇರ್ ಮಾತ್ರ ಜಪ್ಪಯ್ಯ ಅಂದ್ರೂ ಬೀಳ್ತಿಲ್ಲ.

"ನಾಗರಾಜಪ್ಪನವರೇ, ಸೊರಬದಲ್ಲಿ ಇಬ್ಬರು ನೋಡಿದ್ರು ಮಾರಾಯ್ರೆ. ಒಬ್ಬ ಕಟ್ ಮಾಡಿ ತೆಗೀಬೇಕು ಅಂದ. ಇನ್ನೊಬ್ಬ ಗುಜರಿಗೆ ಹಾಕಿ ಅಂದ. ಅಪ್ಪ ಓಡಿಸಿದ ಕಾರು, ಹೇಗೆ ಹಾಕೋದು? ನಿಮ್ಮ ಕೈಯಲ್ಲಿ ಆಗದಿದ್ರೆ ಇನ್ನು ಯಾರ ಕೈಯಲ್ಲೂ ಆಗಲ್ಲ."

ಈ ಕಾಲದವರಿಗೆ ಗೊತ್ತಿರಲ್ಲ, ಆ ಫಿಯೆಟ್ಟಿಗೆ ಗೇರ್ ಇರೋದು ಕೆಳಗಲ್ಲ, ಸ್ಟೀರಿಂಗ್ ಪಕ್ಕದಲ್ಲಿ, ಕೈಯಲ್ಲಿ ಎಳೆಯೋದು. ಅಲ್ಲಿಂದ ಒಂದು ರಾಡು ಸ್ಟೀರಿಂಗ್ ಕಂಬದ ಜೊತೆಗೇ ಕೆಳಗೆ ಇಳಿಯುತ್ತೆ. ಅದರ ಬುಡದಲ್ಲಿ ಅಂಗೈ ಉದ್ದದ ಒಂದು ಲಿವರ್, ಲಿವರಿನ ತೂತಿನಲ್ಲಿ ಉಂಗುರದಂಥ ಒಂದು ಬುಷ್. ರಾಡು ಆ ಬುಷ್ ಒಳಗೆ ಆಡಬೇಕು, ಆಗ ಗೇರ್ ಬೀಳುತ್ತೆ. ಇಲ್ಲಿ ರಾಡು, ಬುಷ್, ಲಿವರ್ ಮೂರೂ ಸೇರಿ ಒಂದೇ ಕಬ್ಬಿಣ ಆಗಿ ಕೂತಿದ್ವು. ಲಿವರ್ ಬೇರೆ ಎರಕದ್ದು. ಜೋರಾಗಿ ಬಡಿದ್ರೆ ಎರಡು ತುಂಡು. ತುಂಡಾದ್ರೆ ಇನ್ನೊಂದು ತರೋಕೆ ಅದು ಯಾವ ಊರಲ್ಲೂ ಇಲ್ಲ.

ನಾನು ಕೈ ಮುಗಿದು, "ಸಾರ್, ನಾನು ಅಂಗಡಿ ಮುಚ್ತಾ ಇದ್ದೀನಿ" ಅನ್ನೋ ಅಷ್ಟರಲ್ಲಿ ಹಿಂದಿನಿಂದ ಮಾತು ಬಂತು.

"ಬಿಟ್ಟು ಹೋಗ್ರಿ ಸಾರ್. ನಾನು ಬಿಚ್ತೀನಿ."

ಮೂರು ದಿನದಿಂದ ಬಾಯಿ ಬಿಡದವಳ ಮೊದಲನೇ ಮಾತು ಅದು. ವಕೀಲರು ಆಕೇನ ನೋಡಿದ್ರು, ನನ್ನ ನೋಡಿದ್ರು. "ನೀವು ಪಕ್ಕದಲ್ಲಿ ಇರ್ತೀರಲ್ವಾ?" ಅಂತ ಕೇಳಿದ್ದು ನನ್ನನ್ನ. ಆಕೆ ಮುಖ ಕೆಂಪಾಯ್ತು. ಅವರು ಬಸ್ ಹತ್ತಿ ಹೋದ ಮೇಲೆ ನನ್ನೆದುರು ಬಂದು ನಿಂತ್ಲು.

"ರೀ, ಒಂದು ಮಾತು. ಈ ಲಿವರ್ ಒಡೀದೆ ಬಿಚ್ಚಿ, ಈ ಕಾರು ತನ್ನ ಕಾಲ ಮೇಲೆ ತಾನು ಸೊರಬಕ್ಕೆ ಹೋದ್ರೆ ಶೆಡ್ ಬಿಡಬಾರದು. ನಾನು ನಡೆಸ್ತೀನಿ. ಆಗದಿದ್ರೆ ಸೋಮವಾರ ಬೀಗದ ಕೈ ನಾನೇ ಚನ್ನೇಶನ ಕೈಗೆ ಇಡ್ತೀನಿ, ಮತ್ತೆ ಈ ಸುದ್ದಿ ಎತ್ತಲ್ಲ."

"ಆಯ್ತು ಹೋಗು" ಅಂದೆ. ಆಗಲ್ಲ ಅಂತ ನನಗೆ ಖಾತ್ರಿ ಇತ್ತು, ಅದಕ್ಕೇ ಅಂದಿದ್ದು.

ಅವತ್ತು ಡೀಸೆಲ್ ಸುರಿದ್ಲು, ತುಕ್ಕು ಬಿಡಿಸೋ ಸ್ಪ್ರೇ ಹೊಡೆದ್ಲು, ಚಿಂದಿ ನೆನೆಸಿ ಸುತ್ತಿ ಬಿಟ್ಲು. ಶುಕ್ರವಾರ ಬೆಳಿಗ್ಗೆ ಮುಟ್ಟಿ ನೋಡಿದ್ರೆ ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಆಕೆ ಏನು ಮಾಡಿದ್ಲು ಗೊತ್ತಾ? ಹೊರಗೆ ಕಾಣೋ ಕಡೆ ರಾಡಿನ ದಪ್ಪ ಅಳೆದು ಚೀಟಿಯಲ್ಲಿ ಬರ್ಕೊಂಡು ಬಸ್ ಹತ್ತಿ ಶಿಕಾರಿಪುರಕ್ಕೆ ಹೋದ್ಲು. ಅಲ್ಲಿ ಲೇತ್ ಮಿಷನ್ ಇಟ್ಟಿರೋ ಹೂವಪ್ಪನ ಹತ್ರ ಕೂತು ಹೊಸ ಹಿತ್ತಾಳೆ ಬುಷ್ ಮಾಡಿಸ್ಕೊಂಡು ಬಂದ್ಲು. ಹಳೇದು ಬಿಚ್ಚೋಕೇ ಗತಿ ಇಲ್ಲ, ಹೊಸದು ರೆಡಿ! ನಗಬೇಕೋ ಅಳಬೇಕೋ ತಿಳೀಲಿಲ್ಲ.

ಆಕೆ ಅತ್ತ ಹೋದಾಗ ನಾನು ಸುಮ್ನೆ ಕೂತಿರ್ಲಿಲ್ಲ. ಬಗ್ಗಬಾರದು ಅಂತಲ್ವಾ ಡಾಕ್ಟ್ರು ಹೇಳಿದ್ದು? ನಿಂತ್ಕೊಂಡು ಹೊಡೀಬಾರದು ಅಂದಿರ್ಲಿಲ್ಲ. ಬಾನೆಟ್ ಒಳಗೆ ಕೈ ಹಾಕಿ ಸಣ್ಣ ಸುತ್ತಿಗೆಯಲ್ಲಿ ಟಣ್ ಟಣ್ ಅಂತ ನಾಲ್ಕು ಬಿಟ್ಟೆ. ಐದನೇದಕ್ಕೆ ಲಿವರಿನ ಅಂಚಿಂದ ಅಕ್ಕಿಕಾಳಿನಷ್ಟು ಚೂರು ಹಾರಿ ಹೋಯ್ತು. ಅಷ್ಟೊತ್ತಿಗೆ ಆಕೆ ಬಸ್ ಇಳಿದು ಬರ್ತಿದ್ಲು, ಸದ್ದು ಕೇಳಿ ಓಡಿ ಬಂದ್ಲು. ಸುತ್ತಿಗೆ ಕಿತ್ಕೊಂಡು ಎಸೆದ ರಭಸಕ್ಕೆ ಅದು ರಸ್ತೆ ಆಚೆ ತಿಪ್ಪೇಶನ ಟೀ ಅಂಗಡಿ ಮುಂದೆ ಬಿತ್ತು.

"ನನ್ನ ಸೋಲಿಸೋಕೆ ಹಿಂಗೆ ಮಾಡಿದ್ರಾ?" ಕಣ್ಣಲ್ಲಿ ನೀರು ತುಂಬಿತ್ತು. "ಹೇಳ್ರಿ, ಅದಕ್ಕೇನಾ?"

"ಅಲ್ಲ ಮಾರಾಯ್ತಿ, ದೇವರಾಣೆಗೂ ಅಲ್ಲ. ಸಹಾಯ ಆಗ್ಲಿ ಅಂತ..."

"ನಿಮ್ಮ ಸಹಾಯ ಬ್ಯಾಡ. ಹೋಗಿ ಕುರ್ಚಿ ಮೇಲೆ ಕೂತ್ಕೊಳ್ರಿ."

ಕೂತೆ. ಇಷ್ಟು ವರ್ಷದಲ್ಲಿ ನನ್ನ ಗ್ಯಾರೇಜಲ್ಲಿ ನನಗೆ ಕೂತ್ಕೋ ಅಂದವರು ಯಾರೂ ಇರ್ಲಿಲ್ಲ.

ಶನಿವಾರ ಕಾಯಿಸಿ ನೋಡೋಣ ಅಂತ ಇಬ್ಬರೂ ಒಪ್ಕೊಂಡ್ವಿ. ಕಾದ ಕಬ್ಬಿಣ ಹಿಗ್ಗುತ್ತೆ, ಹಿಗ್ಗಿದ್ರೆ ಬಿಡುತ್ತೆ ಅನ್ನೋದು ಲೆಕ್ಕ. ಡೀಸೆಲ್ ಒರೆಸಿ, ಸುತ್ತ ಒದ್ದೆ ಗೋಣಿಚೀಲ ಹಾಸಿ, ಬ್ಲೋ ಲ್ಯಾಂಪ್ ಹಚ್ಚಿ ನಿಧಾನಕ್ಕೆ ಬೆಂಕಿ ತೋರಿಸಿದ್ಲು. ಐದು ನಿಮಿಷ ಆಗಿರಬೇಕು, ಸಂದಿಯಿಂದ ಕಪ್ಪಗೆ ಏನೋ ನೊರೆ ನೊರೆ ಎದ್ದು ಅಲ್ಲೇ ಸುಟ್ಟು ಗಟ್ಟಿ ಆಯ್ತು. ಪಾನಾ ಹಾಕಿ ತಿರುಗಿಸಿದ್ರೆ ಮೊದಲಿಗಿಂತ ಬಿಗಿ! ನನಗೆ ಒಳಗೊಳಗೇ, ಇಷ್ಟೇ, ಮುಗೀತು ಅನ್ನಿಸ್ತು. ಆಕೆ ಮಾತ್ರ ಬ್ಲೋ ಲ್ಯಾಂಪ್ ಆರಿಸಿ ಮೂಗು ಅರಳಿಸ್ಕೊಂಡು ನಿಂತ್ಬಿಟ್ಲು.

"ರೀ, ವಾಸನೆ ನೋಡ್ರಿ."

"ಗ್ರೀಸ್ ಸುಟ್ಟ ವಾಸನೆ."

"ಅಲ್ರೀ. ಇದು ಹಂಡೆ ವಾಸನೆ."

ಉಗುರಲ್ಲಿ ಆ ಕರೀ ಚೂರು ಕೆರೆದು, ನಾನು ಬೇಡ ಬೇಡ ಅನ್ನೋ ಅಷ್ಟರಲ್ಲಿ ನಾಲಿಗೆ ತುದಿಗೆ ಇಟ್ಟೇಬಿಟ್ಲು. ಮುಖ ಕಿವುಚಿ, ತುಪುಕ್ ಅಂತ ಉಗಿದು, ಕೂಗಿದ್ಲು.

"ಒಗರು! ರೀ, ಇದು ಚೊಗರು!"

ಚೊಗರು ಅಂದ್ರೆ ಹಸಿ ಅಡಿಕೆ ಬೇಯಿಸಿದ ನೀರು. ಅದೇ ಹಂಡೆಯಲ್ಲಿ ಮತ್ತೆ ಮತ್ತೆ ಬೇಯಿಸಿ ಗಟ್ಟಿ ಪಾಕ ಆಗಿರುತ್ತೆ, ಅಡಿಕೆಗೆ ಬಣ್ಣ ಬರ್ಲಿ ಅಂತ ಅದನ್ನೇ ಹಚ್ತಾರೆ. ಒಣಗಿದ್ರೆ ಕಲ್ಲು. ನೀಲಾಂಬಿಕ ಸಣ್ಣವಳಿದ್ದಾಗ ಆ ಹಂಡೆ ತಿಕ್ಕಿದವಳು, ಸುಲಿದ ಬೆರಳಿನ ಕಪ್ಪು ಕಲೆ ತಿಂಗಳುಗಟ್ಟಲೆ ಹೊತ್ತವಳು. ಆಕೆ ನಾಲಿಗೆ ಸುಳ್ಳು ಹೇಳೋ ಹಂಗಿಲ್ಲ.

"ತುಕ್ಕಲ್ಲ ಇದು! ನಾವು ಮೂರು ದಿನದಿಂದ ತುಕ್ಕು ಅಂತ ಒದ್ದಾಡ್ತಿದ್ದೀವಿ. ಚೊಗರಿಗೆ ಡೀಸೆಲ್ ಯಾವ ಲೆಕ್ಕ? ಬೆಂಕಿ ಇಟ್ರೆ ಇನ್ನೂ ಬಿಗಿಯುತ್ತೆ. ಅಲ್ಲಾ, ಯಾವ ಮುಠ್ಠಾಳ ರೀ ಗೇರ್ ರಾಡಿಗೆ ಚೊಗರು ಹಚ್ಚಿರೋನು? ಅವನ ತಲೆಯೊಳಗೆ ಏನಿತ್ತು, ಸಗಣಿನಾ?"

ನಾನು ಕುರ್ಚಿ ಮೇಲೆ ಕೂತಲ್ಲೇ ತಣ್ಣಗಾದೆ. ಯಾಕಂದ್ರೆ ಆ ಮುಠ್ಠಾಳ ನಾನೇ.

ಒಂದೇ ಏಟಿಗೆ ಎಲ್ಲಾ ನೆನಪಾಯ್ತು. ಹತ್ತು ವರ್ಷದ ಹಿಂದೆ, ಹಿರೇ ವಕೀಲರು ಇದ್ದಾಗ, ಗೇರ್ ಎಳೆದ್ರೆ ಕಿರ್ ಅನ್ನುತ್ತೆ, ರಾಡಿಗೆ ತುಕ್ಕು ಹಿಡಿದೈತೆ ಅಂತ ನನ್ನ ಸೊರಬಕ್ಕೆ ಕರೆಸಿದ್ರು. ಅಡಿಕೆ ಬೇಯಿಸೋ ಕಾಲ. ಅಲ್ಲಿ ಕೆಲಸದವನೊಬ್ಬ ಚೊಗರು ಬಳಿದ ಗುದ್ದಲಿ ತೋರಿಸಿ, "ನೋಡ್ರಿ, ಮಳೆಗಾಲ ಕಳೆದ್ರೂ ತುಕ್ಕಿಲ್ಲ" ಅಂದ. ನನಗೆ ದೊಡ್ಡ ವಿಜ್ಞಾನಿ ಆದಂಗೆ ಆಯ್ತು. ಗ್ರೀಸ್ ಒರೆಸಿ, ಬ್ರಷ್ ತಗೊಂಡು ರಾಡಿಗೆಲ್ಲಾ ಚೊಗರು ಬಳಿದೆ, ಬುಷ್ ಒಳಗೂ ಬಿಟ್ಟೆ. ಕಾರು ದಿನಾ ಓಡ್ತಿದ್ದಾಗ ಏನೂ ಆಗ್ಲಿಲ್ಲ. ಓಡೋದು ನಿಂತ ಮೇಲೆ ಒಳಗೆ ಕೂತು ಕಲ್ಲಾಗೈತೆ.

ಬಾಯಿ ಬಿಡಬೇಕಿತ್ತು, ಬಿಡ್ಲಿಲ್ಲ. ಆಕೆ ಆ ಹೆಸರಿಲ್ಲದ ಮುಠ್ಠಾಳನ ವಂಶಕ್ಕೆಲ್ಲಾ ಬೈತಾ ತಿಪ್ಪೇಶನ ಅಂಗಡಿಗೆ ಓಡಿದ್ಲು. ನಾನು "ಹೌದೌದು, ಎಂಥಾ ಜನ ಇರ್ತಾರೆ" ಅಂದೆ. ಥೂ.

"ತಿಪ್ಪೇಶಾ, ಕೆಟಲ್ ತುಂಬಾ ಕುದಿಯೋ ನೀರು ಕೊಡು."

"ಟೀಪುಡಿ ಹಾಕ್ಲಾ ನೀಲಕ್ಕಾ?"

"ವಾಷಿಂಗ್ ಸೋಡಾ ಹಾಕು!"

ಚೊಗರಿನ ಹಂಡೆ ತೊಳೆಯೋದು ಹಂಗೇ ಅಂತೆ, ಕುದಿಯೋ ನೀರಿಗೆ ಸೋಡಾ ಹಾಕಿ ನೆನೆ ಬಿಡೋದು. ಲಿವರಿನ ಸುತ್ತ ಹಳೇ ಪಂಚೆ ಸುತ್ತಿ ಮೇಲಿಂದ ನೀರು ಹೊಯ್ದ್ಲು. ಒಂದು ಕೆಟಲ್ ಆಯ್ತು, ಎರಡಾಯ್ತು, ಐದಾಯ್ತು. ಕೆಳಗಿಟ್ಟ ಬೋಗುಣಿಗೆ ಬಿದ್ದ ನೀರು ಹಾಕಿದ ಹಂಗೇ ತಿಳಿ. ಸಂಜೆಗೆ ಆಕೆ ಕೈ ಸುಟ್ಟು ಕೆಂಪಗಾಗಿತ್ತು, ರಾಡು ಮಾತ್ರ ಹಂಗೇ ಇತ್ತು.

ನಾನು, "ಹೋಗ್ಲಿ ಬಿಡು ನೀಲಾ, ನಿನ್ನ ಕೈಲಾದ್ದು ಮಾಡಿದ್ದೀಯ" ಅಂದೆ. ಈ ಸಲ ನಿಜವಾಗ್ಲೂ ಪಾಪ ಅನ್ನಿಸಿತ್ತು. ಆಕೆ ಬೋಗುಣಿಯೊಳಗೆ ಇಣುಕಿ ನೋಡ್ತಾ ಕೂತಿದ್ಲು. ನೀರಿನ ಮೇಲೆ ಎಣ್ಣೆ ಜಿಡ್ಡು ಬಣ್ಣ ಬಣ್ಣವಾಗಿ ತೇಲ್ತಿತ್ತು.

"ಡೀಸೆಲ್ಲು" ಅಂದ್ಲು ಮೆಲ್ಲಗೆ. "ನಾವೇ ಹಾಕಿದ ಡೀಸೆಲ್ಲು. ಸಂದಿ ತುಂಬಾ ಎಣ್ಣೆ ಐತೆ, ನೀರು ಒಳಗೆ ಇಳೀತಾನೇ ಇಲ್ಲ."

ಭಾನುವಾರ ಬೆಳಿಗ್ಗೆ ಆಕೆ ಮಾಡಿದ್ದು ಬರೀ ತೊಳೆಯೋ ಕೆಲಸ. ಮೊದಲು ಆ ಸಂದಿಯ ಸುತ್ತ ಪೆಟ್ರೋಲಲ್ಲಿ ಒರೆಸಿ ಒಣಗೋಕೆ ಬಿಟ್ಲು. ಆಮೇಲೆ ಸೋಪಿನ ಪುಡಿ ನೀರನ್ನ ಇಂಜೆಕ್ಷನ್ ಸಿರಿಂಜಲ್ಲಿ ಎಳೆದು ಸಂದಿಯೊಳಗೆ ಬಿಟ್ಟು, ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ತಿಕ್ಕಿ, ಮತ್ತೆ ಬಿಟ್ಟು, ಮತ್ತೆ ತಿಕ್ಕಿ. ಜಿಡ್ಡು ಪೂರ್ತಿ ಹೋಯ್ತು ಅನ್ನಿಸಿದ ಮೇಲೆ ಪಂಚೆ ಸುತ್ತಿ ಮೊದಲನೇ ಕೆಟಲ್ ಹೊಯ್ದ್ಲು. ನೀರು ತಿಳಿಯಾಗೇ ಬಿತ್ತು. ಎರಡನೇದು, ತಿಳಿ. ಮೂರನೇ ಕೆಟಲ್ ಅರ್ಧ ಆಗಿತ್ತು, ಬೋಗುಣಿಗೆ ಒಂದು ಹನಿ ಕೆಂಪಗೆ ಬಿತ್ತು. ಹಿಂದೇನೇ ಇನ್ನೊಂದು. ಆಮೇಲೆ ಕಾಫಿ ಡಿಕಾಕ್ಷನ್ ಹಂಗೆ ಸಳ ಸಳ ಇಳಿಯೋಕೆ ಶುರು ಆಯ್ತು ನೋಡ್ರಿ!

"ಬಂತು! ರೀ, ಬಂತು!"

ನಾನು ಸೊಂಟ ಮರೆತು ಕುರ್ಚಿಯಿಂದ ಎದ್ದುಬಿಟ್ಟೆ. ತಿಪ್ಪೇಶ ಅಂಗಡಿ ಬಿಟ್ಟು ಎರಡು ಕೆಟಲ್ ಹಿಡ್ಕೊಂಡು ಓಡಿ ಬಂದ. ಸೊರಬದ ಬಸ್ಸಿಗೆ ಕಾಯ್ತಿದ್ದ ನಾಲ್ಕು ಜನ ಏನಾಯ್ತು ಏನಾಯ್ತು ಅಂತ ಸೇರಿದ್ರು. ಆಕೆ ಯಾರ ಕಡೆಗೂ ನೋಡ್ಲಿಲ್ಲ. ಹೊಯ್ಯೋದು, ಕಾಯೋದು, ಪಾನಾ ಹಾಕಿ ಒಂಚೂರು ಒತ್ತಿ ನೋಡೋದು. ಹೊಯ್ಯೋದು, ಕಾಯೋದು, ಒತ್ತೋದು. ನನಗೆ ತಾಳ್ಮೆ ಅನ್ನೋದು ಹುಟ್ಟಿನಿಂದ ಇಲ್ಲ, "ಜೋರಾಗಿ ಎಳಿ!" ಅಂತ ಕೂಗಿದೆ. "ಬಾಯಿ ಮುಚ್ಚಿ!" ಅಂದ್ಲು, ಅಷ್ಟು ಜನರ ಮುಂದೆ. ಮುಚ್ಚಿದೆ.

ಮಧ್ಯಾಹ್ನದ ಬಸ್ ಬಂದು ಹೋಯ್ತು, ನಿಂತ ನಾಲ್ಕು ಜನದಲ್ಲಿ ಒಬ್ಬನೂ ಹತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಪಾನಾ ಹಿಡಿದ ಆಕೆ ಮುಂಗೈ ಕೂದಲೆಳೆಯಷ್ಟು ಜರುಗಿದ್ದು ಕಂಡೆ. ಹಿಂದಕ್ಕೆ ತಂದ್ಲು, ಮುಂದಕ್ಕೆ ಒತ್ತಿದ್ಲು. ಈ ಸಲ ಇನ್ನೊಂಚೂರು. ಮತ್ತೆ ನೀರು. ಹಿಂದಕ್ಕೆ, ಮುಂದಕ್ಕೆ. ಒಳಗಿಂದ ಕಿರ್ರ್ ಅಂತ ಒಂದು ಸದ್ದು ಬಂತು, ರಾಡು ಪೂರ್ತಿ ಅರ್ಧ ಸುತ್ತು ತಿರುಗ್ತು. ಆಕೆ ಪಾನಾ ಕೆಳಗಿಟ್ಟು, ಎರಡೂ ಕೈಯಲ್ಲಿ ಲಿವರ್ ಹಿಡಿದು, ಮಗುಗೆ ಅಂಗಿ ಬಿಚ್ಚಿದ ಹಂಗೆ ಮೆಲ್ಲಗೆ ಜಗ್ಗಿದ್ಲು. ಬಂತು ಕೈಗೆ! ಇಡೀ ಲಿವರ್, ನಾನು ಹಾರಿಸಿದ ಆ ಅಕ್ಕಿಕಾಳಿನಷ್ಟು ಬಿಟ್ರೆ ಎಲ್ಲೂ ಒಂದು ಬಿರುಕಿಲ್ಲ.

ತಿಪ್ಪೇಶ ಕೆಟಲಿನ ಮುಚ್ಚಳ ಬಡಿದ. ಜನ ಚಪ್ಪಾಳೆ ಹೊಡೆದ್ರು. ನೀಲಾಂಬಿಕ ಲಿವರ್ ಎತ್ತಿ ಹಿಡ್ಕೊಂಡು ನಕ್ಕಳು, ಕರೀ ನೀರು ಮೊಣಕೈ ತನಕ ಇಳೀತಿತ್ತು. ಅಷ್ಟು ಜೋರಾಗಿ ಆಕೆ ನಕ್ಕಿದ್ದನ್ನ ನಾನು ಎಂದೂ ಕಂಡಿರ್ಲಿಲ್ಲ. ನನಗೂ ಖುಷಿ ತಡೀಲಿಲ್ಲ, ಪಕ್ಕದಲ್ಲಿದ್ದ ಗುರುತಿಲ್ಲದ ಮನುಷ್ಯನ್ನ ತಬ್ಬಿಕೊಂಡುಬಿಟ್ಟೆ.

ಸಂಜೆ ಒಳಗೆ ಹಳೇ ಬುಷ್ ಒತ್ತಿ ತೆಗೆದು, ಹೂವಪ್ಪನ ಬುಷ್ ಸ್ವಲ್ಪ ಉಜ್ಜಿ ಕೂರಿಸಿ, ರಾಡು ಒಣಗಿಸಿ ಗ್ರೀಸ್ ಹಚ್ಚಿ ಜೋಡಿಸಿದ್ಲು. ಗೇರ್ ಎಳೆದ್ರೆ ಬೆಣ್ಣೆ.

ಸೋಮವಾರ ಬೆಳಿಗ್ಗೆ ವಕೀಲರು ಸೊರಬದಿಂದ ಮೊದಲ ಬಸ್ಸಿಗೇ ಬಂದ್ರು. ಬೀಗದ ಕೈಗೆ ಅಂತ ಚನ್ನೇಶನೂ ಬಂದು ನಿಂತಿದ್ದ. ವಕೀಲರು ಕಾರೊಳಗೆ ಕೂತು ಗೇರ್ ಎಳೆದ್ರು, ಬಿತ್ತು. ತೆಗೆದು ಮತ್ತೆ ಹಾಕಿದ್ರು, ಬಿತ್ತು. ಇಳಿದು ಬಂದು ನನ್ನ ಎರಡೂ ಕೈ ಹಿಡ್ಕೊಂಡ್ರು.

"ನಾಗರಾಜಪ್ಪನವರೇ, ಅಪ್ಪ ಹೇಳ್ತಿದ್ದದ್ದು ಸುಳ್ಳಲ್ಲ. ಕೈಗುಣ ಅಂದ್ರೆ ನಿಮ್ಮದು ಮಾರಾಯ್ರೆ!"

ನೀಲಾಂಬಿಕ ಮೂಲೆಯಲ್ಲಿ ಕೈ ತೊಳೀತಿದ್ಲು. ತಿರುಗಿ ಕೂಡ ನೋಡ್ಲಿಲ್ಲ. ಹೌದು ಅಂದುಬಿಡೋದು ಎಷ್ಟು ಸುಲಭ ಇತ್ತು! ಬಾಯಿ ಬಿಡೋದೂ ಬ್ಯಾಡ, ಮೀಸೆ ಮೇಲೆ ಕೈ ಇಟ್ರೆ ಸಾಕು. ಆದ್ರೆ ಆಕೆ ಬೆನ್ನು ನೋಡಿ ವಕೀಲರ ಕೈಯಿಂದ ನನ್ನ ಕೈ ಬಿಡಿಸ್ಕೊಂಡೆ.

"ಸಾರ್, ಕೆಡಿಸಿದವನು ನಾನು" ಅಂದೆ. "ನಿಮ್ಮ ತಂದೆ ಇದ್ದಾಗ ಆ ರಾಡಿಗೆ ಚೊಗರು ಬಳಿದ ಮುಠ್ಠಾಳ ನಾನೇ. ಮೊನ್ನೆ ಸುತ್ತಿಗೆಯಲ್ಲಿ ಬಡಿದು ಚೂರು ಹಾರಿಸಿದವನೂ ನಾನೇ. ಬಿಡಿಸಿದ್ದು ಇವಳು, ಪೂರ್ತಿ ಇವಳೇ. ನಾನು ಕುರ್ಚಿ ಮೇಲೆ ಕೂತಿದ್ದೆ, ಅಷ್ಟೇ."

ಬಕೆಟ್ಟಿನ ನೀರಿನ ಸದ್ದು ನಿಂತಿತು. ಆಕೆ ತಿರುಗಿದ್ಲು.

"ನೀವಾ?"

"ಹೂಂ."

"ಎರಡು ದಿನ ನಾನು ಅವನ ವಂಶಕ್ಕೆಲ್ಲಾ ಬೈತಿದ್ದಾಗ ಹೌದೌದು ಅಂತಿದ್ರಲ್ಲಾ!"

"ನೀನು ಸರಿಯಾಗೇ ಬೈತಿದ್ದೆ, ಅದಕ್ಕೇ ನಾನು ಹೌದು ಅಂದೆ."

ಒದ್ದೆ ಚಿಂದಿ ಎತ್ತಿ ನನ್ನ ಮುಖಕ್ಕೇ ಎಸೆದ್ಲು. ವಕೀಲರು ಬಾನೆಟ್ ಹಿಡ್ಕೊಂಡು ನಗೋಕೆ ಶುರು ಮಾಡಿದವರು ನಿಲ್ಲಿಸ್ಲೇ ಇಲ್ಲ. ಕೊನೆಗೆ ಕಣ್ಣೊರೆಸಿ, ಕಾರಿನ ಕೀ ನನಗಲ್ಲ, ಆಕೆ ಕಡೆಗೆ ಚಾಚಿದ್ರು. "ಸೊರಬದ ತನಕ ನೀವೇ ಓಡಿಸಿ ಅಮ್ಮಾ. ನಾನು ಪಕ್ಕದಲ್ಲಿ ಕೂತು ನೋಡ್ತೀನಿ."

ಚನ್ನೇಶ ಗಡಿಯಾರ ನೋಡ್ಕೊಂಡ. "ಅಣ್ಣಾ, ಬೀಗದ ಕೈ?"

"ಕಾರು ಸೊರಬ ಮುಟ್ಟಲಿ, ಆಮೇಲೆ ಹೇಳ್ತೀವಿ" ಅಂದೆ. ಮಾತು ಅಂದ್ರೆ ಮಾತು.

ನನ್ನನ್ನ ಹಿಂದಿನ ಸೀಟಲ್ಲಿ ದಿಂಬು ಕೊಟ್ಟು ಕೂರಿಸಿದ್ರು. ಆಕೆ ಒಂದನೇ ಗೇರ್ ಹಾಕಿ ಕ್ಲಚ್ ಬಿಟ್ಲು, ಫಿಯೆಟ್ ಶೆಡ್ಡಿಂದ ಇಳಿದು ರಸ್ತೆ ಹಿಡೀತು. ಎರಡು. ಮೂರು. ಊರು ದಾಟಿದ ಮೇಲೆ ನಾಲ್ಕು. ಗಾಳಿಗೆ ಆಕೆ ಸೆರಗು ನನ್ನ ಮುಖಕ್ಕೆ ಬಡೀತಿತ್ತು, ಬಡೀಲಿ ಅಂತ ಸುಮ್ನಿದ್ದೆ. ಏರು ಬಂದಾಗ ನಾನು "ಥರ್ಡಿಗೆ ತಗೋ" ಅನ್ನೋದಕ್ಕೆ ಬಾಯಿ ತೆರೀತಿದ್ದೆ, ಅಷ್ಟರಲ್ಲಿ ಆಕೆ ತಗೊಂಡಾಗಿರ್ತಿತ್ತು. ಒಂದೇ ಒಂದು ಸಲಾನೂ ಗೇರ್ ಕಿರ್ ಅನ್ಲಿಲ್ಲ.

ಸೊರಬದಲ್ಲಿ ಕೋರ್ಟ್ ಮುಂದೆ ನಿಲ್ಲಿಸಿದ್ಲು. ಕರೀ ಕೋಟಿನವರು ಐದಾರು ಜನ ಸುತ್ತ ಸೇರಿದ್ರು. "ಓಹೋ, ಹಿರಿಯರ ಕಾರಲ್ವಾ? ಯಾರು ಮಾಡಿದ್ದು?" ಅಂತ ಒಬ್ಬರು ಕೇಳಿದ್ರು. ಗೌರೀಶಂಕರ ಅವರು, "ಇಗೋ, ಇವರು" ಅಂತ ಸ್ಟೀರಿಂಗ್ ಮುಂದೆ ಕೂತವಳ ಕಡೆ ಕೈ ತೋರಿಸಿದ್ರು. ಕೇಳಿದವರು ಒಂದು ಗಳಿಗೆ ಆಕೆ ಕೈಯ ಕಪ್ಪು ಕಲೆ ನೋಡಿದ್ರು.

"ನಮ್ಮನೇಲೂ ಒಂದು ಹಳೇ ಜೀಪಿದೆ ಅಮ್ಮಾ. ನಿಮ್ಮ ಹತ್ರ ಯಾವಾಗ ತರಬಹುದು?"

ಆಕೆ ಉತ್ತರ ಕೊಡೋ ಮೊದಲು ಹಿಂದಕ್ಕೆ ತಿರುಗಿ ನನ್ನ ಕಡೆ ಕೈ ಚಾಚಿದ್ಲು. ಏನು ಅಂತ ನನಗೆ ತಿಳೀತು, ಫೋನ್ ಕೊಟ್ಟೆ. ಚನ್ನೇಶನ ನಂಬರ್ ಒತ್ತಿ ಕಿವಿಗೆ ಇಟ್ಕೊಂಡ್ಲು.

"ಚನ್ನೇಶಾ, ನಾನು ನೀಲಾಂಬಿಕ. ಮೊಬೈಲ್ ಅಂಗಡಿಯವನಿಗೆ ಬೇರೆ ಜಾಗ ನೋಡ್ಕೋ ಅನ್ನು. ಶೆಡ್ ನಾನು ಬಿಡಲ್ಲ."

ಯಜಮಾನ್ರನ್ನ ಕೇಳಿ ಹೇಳ್ತೀನಿ ಅನ್ಲಿಲ್ಲ, ನನ್ನ ಮುಖನೂ ನೋಡ್ಲಿಲ್ಲ. ಫೋನ್ ಇಟ್ಟು ಜೀಪಿನವರಿಗೆ, "ಬುಧವಾರ ತನ್ನಿ ಸಾರ್, ಬೆಳಿಗ್ಗೆ ಎಂಟಕ್ಕೆ ತೆಗೆದಿರ್ತೀನಿ" ಅಂದ್ಲು. ನಾನು ಹಿಂದಿನ ಸೀಟಲ್ಲಿ ಕಣ್ಣೊರೆಸಿಕೊಂಡೆ. ಗೌರೀಶಂಕರ ಅವರು ಏನಾಯ್ತು ಅಂತ ಗಾಬರಿಯಿಂದ ಕೇಳಿದ್ರು. ಸೊಂಟ ನೋವು ಸಾರ್ ಅಂದೆ.